ವ್ಯಾಯಾಮಶಿಕ್ಷಣದಲ್ಲಿ ವ್ಯಕ್ತಿಭೇದ: ಮೂರು ಗ್ರಂಥಗಳ ಪರಾಮರ್ಶೆ

ಒಂದೇ ವ್ಯಾಯಾಮಕ್ರಮವು ಎಲ್ಲ ಶರೀರಗಳಿಗೂ ಹಿತವಾಗಲಾರದೆಂಬುದನ್ನು ಅಲ್ಲಗಳೆಯುವವರು ವಿರಳ. ಆದರೆ ಒಬ್ಬೊಬ್ಬನ ದೇಹಸ್ಥಿತಿಯನ್ನು ನೋಡಿ ಸಾಧನೆಯನ್ನು ಹೊಂದಿಸಿಕೊಡುವ ಪದ್ಧತಿ ಎಲ್ಲಿಂದ ಬಂದಿತೆಂದು ಕೇಳಿದೊಡನೆ ಎರಡು ವಿರುದ್ಧ ಉತ್ತರಗಳು ದೊರೆಯುತ್ತವೆ. ಪಿಲಾಟೆಸ್ ಮೊದಲಾದ ಪಾಶ್ಚಾತ್ಯ ಪದ್ಧತಿಗಳು ಇದನ್ನು ತಂದವೆಂದು ಕೆಲವರು; ನಮ್ಮ ಯೋಗಗ್ರಂಥಗಳಲ್ಲಿ ಇಲ್ಲದುದು ಯಾವುದೂ ಇಲ್ಲವೆಂದು ಮತ್ತೆ ಕೆಲವರು. ಎರಡು ಪಕ್ಷದವರೂ ಗ್ರಂಥಗಳನ್ನು ಸಾವಧಾನದಿಂದ ಓದಿಲ್ಲವೆಂಬುದು ನಮ್ಮ ಅಭಿಪ್ರಾಯ. ಆದುದರಿಂದ ಇಲ್ಲಿ ಮೂರು ಗ್ರಂಥಗಳನ್ನು ಒಟ್ಟಿಗೆ ಇಟ್ಟು ಪರಿಶೀಲಿಸಿದ್ದೇವೆ.

ಜೋಸೆಫ್ ಪಿಲಾಟೆಸರು 1883ರಲ್ಲಿ ಜರ್ಮನಿಯಲ್ಲಿ ಜನಿಸಿದರು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನಲ್ಲಿ ಬಂಧನದಲ್ಲಿದ್ದು, 1926ರಲ್ಲಿ ನ್ಯೂಯಾರ್ಕಿಗೆ ಹೋಗಿ ವ್ಯಾಯಾಮಶಾಲೆಯೊಂದನ್ನು ನಡೆಸಿದರು. 1945ರಲ್ಲಿ ಪ್ರಕಟವಾದ ‘ರಿಟರ್ನ್ ಟು ಲೈಫ್ ಥ್ರೂ ಕಂಟ್ರಾಲಜಿ’ ಗ್ರಂಥದಲ್ಲಿ 34 ವ್ಯಾಯಾಮಗಳಿವೆ. ಅವುಗಳಿಗೆ ನಿಯತವಾದ ಅನುಕ್ರಮವಿದೆ. ಚಿತ್ರಗಳಲ್ಲಿ ಕಾಣುವ ದೇಹ ಗ್ರಂಥಕರ್ತರದೇ. ಓದುಗನು ಮುದುಕನೋ ತರುಣನೋ, ಬೆನ್ನುನೋವಿನವನೋ ಎಂಬ ವಿಚಾರಕ್ಕೆ ಈ ಅನುಕ್ರಮದಲ್ಲಿ ಅವಕಾಶ ಅತ್ಯಲ್ಪ. ಆದರೆ ಅವರ ಶಾಲೆಯ ಸ್ಥಿತಿಯೇ ಬೇರೆ. ಅಲ್ಲಿದ್ದ ಉಪಕರಣಗಳಿಗೆ ಸ್ಪ್ರಿಂಗುಗಳನ್ನು ಅಳವಡಿಸಿತ್ತು. ಅವನ್ನು ಹೆಚ್ಚಿಸಿ ಕಡಿಮೆ ಮಾಡಿ, ಅಶಕ್ತನಿಗೆ ಆಸರೆಯನ್ನೂ ಬಲಿಷ್ಠನಿಗೆ ಎದುರೊತ್ತನ್ನೂ ಒದಗಿಸಬಹುದಾಗಿತ್ತು. ಪಿಲಾಟೆಸರ ವ್ಯಕ್ತಿದೃಷ್ಟಿಯನ್ನು ಅವರ ಪುಸ್ತಕಕ್ಕಿಂತ ಈ ಯಂತ್ರಗಳು ಚೆನ್ನಾಗಿ ಹೇಳುತ್ತವೆ.

ಇನ್ನು ಕನ್ನಡದ ಎರಡು ಗ್ರಂಥಗಳು. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆಯನ್ನು ನಡೆಸಿದ ತಿರುಮಲೈ ಕೃಷ್ಣಮಾಚಾರ್ಯರು 1934ರಲ್ಲಿ ‘ಯೋಗಮಕರಂದ’ವನ್ನು ಬರೆದರು. ಆಸನಕ್ಕೆ ಇಷ್ಟು ವಿನ್ಯಾಸಗಳೆಂದು ಎಣಿಸಿ ಹೇಳುವುದು ಅದರ ಕ್ರಮ. ಈ ಎಣಿಕೆ ಎಲ್ಲರಿಗೂ ಸಮಾನ. ಗರ್ಭಿಣಿಯರು ಬಿಡಬೇಕಾದ ಆಸನಗಳನ್ನು ಸೂಚಿಸುವಂತಹ ಕಡೆಗಳಲ್ಲಿ ಮಾತ್ರ ವ್ಯಕ್ತಿಭೇದ ತಲೆದೋರುತ್ತದೆ. ಅವರ ಶಿಷ್ಯರಾದ ಕೆ. ಪಟ್ಟಾಭಿ ಜೋಯಿಸರ ‘ಯೋಗಮಾಲಾ’ 1962ರಲ್ಲಿ ಕನ್ನಡದಲ್ಲಿ ಪ್ರಕಟವಾಯಿತು. ಅಲ್ಲಿ ಆಸನಗಳ ಸಾಲು ಮತ್ತಷ್ಟು ಬಿಗಿಯಾಗಿದೆ: ಒಂದರ ಮುಂದೆ ಯಾವುದು ಬರಬೇಕೆಂಬುದು ಮೊದಲೇ ನಿಶ್ಚಿತ. ಆದರೂ ಜೋಯಿಸರ ಶಾಲೆಯಲ್ಲಿ ನಡೆದು ‘ಮೈಸೂರು ಪದ್ಧತಿ’ ಎಂಬ ಹೆಸರಿನಿಂದಲೇ ಹೊರದೇಶಗಳಲ್ಲಿ ಪ್ರಸಿದ್ಧವಾದ ಕ್ರಮದಲ್ಲಿ, ಒಂದೇ ಕೊಠಡಿಯಲ್ಲಿದ್ದರೂ ಪ್ರತಿಯೊಬ್ಬನೂ ತನ್ನ ಉಸಿರಿನ ಗತಿಗೆ ತಕ್ಕಂತೆ ಸಾಧನೆ ಮಾಡುತ್ತಾನೆ. ಹಿಂದಿನ ಆಸನ ಸಿದ್ಧಿಸಿತೆಂದು ಗುರುವಿಗೆ ತೋರಿದ ಮೇಲೆಯೇ ಮುಂದಿನದು ದೊರೆಯುತ್ತದೆ. ಸಾಲು ಎಲ್ಲರಿಗೂ ಒಂದೇ. ನಡಿಗೆ ಮಾತ್ರ ಅವರವರದು. ಅದೇ ಗುರುವಿನ ಇನ್ನೊಬ್ಬ ಶಿಷ್ಯರಾದ ಬಿ. ಕೆ. ಎಸ್. ಅಯ್ಯಂಗಾರರು ಮರದ ಇಟ್ಟಿಗೆ, ಹಗ್ಗ, ಪಟ್ಟಿಗಳನ್ನು ಬಳಸಿ, ಆಸನವನ್ನೇ ದೇಹದ ಬಳಿಗೆ ತಂದರು.

ಇದರಿಂದ ಒಂದು ಅಂಶ ಸ್ಪಷ್ಟವಾಗುತ್ತದೆ. ಅಚ್ಚಾದ ಕ್ರಮ ಎಲ್ಲರಿಗೂ ಒಂದಾಗಿರುತ್ತದೆ. ವ್ಯಕ್ತಿಭೇದ ಉಳಿಯುವುದು ಗುರುವಿನ ಕಣ್ಣು ಕೈಗಳಲ್ಲಿ. ಗ್ರಂಥವನ್ನು ಮಾತ್ರ ಆಧಾರವಾಗಿಟ್ಟುಕೊಂಡ ಇತಿಹಾಸಕಾರನಿಗೆ ಮೈಸೂರೂ ನ್ಯೂಯಾರ್ಕೂ ಕವಾಯತಿನ ಮೈದಾನಗಳಾಗಿಯೇ ಕಂಡಾವು. ನಮ್ಮ ರಾಯಚೂರು ಸೀಮೆಯ ಗರಡಿಗಳಿಗೂ ಈ ಮಾತು ಸಲ್ಲುತ್ತದೆ. ಹುಡುಗನ ಮೈಕಟ್ಟನ್ನು ನೋಡಿ ಇವನಿಗೆ ಇಷ್ಟು ದಂಡ, ಇವನಿಗೆ ಇಷ್ಟು ಬೈಠಕ್ ಎಂದು ವಸ್ತಾದನು ಗೊತ್ತುಮಾಡುವ ತಾಲೀಮಿನ ವಿವೇಕ ಬಾಯಿಂದ ಬಾಯಿಗೆ ಬಂದದ್ದು. ಬರೆದಿಡದ ಮಾತ್ರಕ್ಕೆ ಅದು ಇರಲಿಲ್ಲವೆನ್ನಲಾಗದು.

ಹಾಗೆಂದು ನಿಯತಕ್ರಮವೇ ದೋಷವೆಂದು ನಾವು ಹೇಳುತ್ತಿಲ್ಲ. ಗುರುವಿಲ್ಲದ ವೇಳೆಯಲ್ಲಿ ಶಿಷ್ಯನಿಗೆ ಅದೇ ಆಧಾರ. ಶಿಕ್ಷಕನ ಚಾಪಲ್ಯಕ್ಕೆ ಅದೇ ಅಂಕುಶ. ಈಗ ನಗರಗಳಲ್ಲಿ ‘ನಿಮಗೆಂದೇ ರೂಪಿಸಿದ ಶಿಕ್ಷಣ’ವೆಂಬ ಹೆಸರಿನಲ್ಲಿ ಶುಲ್ಕ ಕೊಟ್ಟವನ ಇಷ್ಟವನ್ನೇ ಕ್ರಮವಾಗಿ ಮಾಡುವುದುಂಟು. ಇಷ್ಟವೇ ಬೇರೆ, ಅವಶ್ಯಕತೆಯೇ ಬೇರೆ. ಬಗ್ಗಲು ಸುಲಭವಾದವನು ಬಗ್ಗುವುದನ್ನೇ ಬಯಸುತ್ತಾನೆ. ಅವನಿಗೆ ಬೇಕಾದದ್ದು ಬಹುಶಃ ಸ್ಥೈರ್ಯ. ಮೊದಲು ಪರೀಕ್ಷೆ, ಬಳಿಕ ನಿಯತಕ್ರಮದಲ್ಲಿ ಸಕಾರಣವಾದ ಮಾರ್ಪಾಟು, ಕೆಲವು ವಾರಗಳ ಮೇಲೆ ಮರುಪರೀಕ್ಷೆ, ಈ ಮೂರೂ ಇಲ್ಲದ ವ್ಯಕ್ತಿಶಿಕ್ಷಣ ಬರಿಯ ಉಪಚಾರವಾದೀತು.

ಈ ವಿಚಾರ ನಮಗೆ ದೂರದ್ದಲ್ಲ. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರಿನಲ್ಲಿ ಬೆಳೆಯುವ ಸಿಂಧನೂರಿನ ಭತ್ತದ ನಾಟಿಗೆ ಹೆಂಗಸರು ದಿನವೆಲ್ಲ ಸೊಂಟ ಬಗ್ಗಿಸಿ ನಿಲ್ಲುತ್ತಾರೆ. ಅಕ್ಕಿ ಗಿರಣಿಯ ಹಮಾಲನ ಭಾರವೆಲ್ಲ ಹೆಗಲು ಬೆನ್ನುಗಳ ಮೇಲೆ. ಲಿಂಗಸುಗೂರು ತಾಲೂಕಿನ ಹಟ್ಟಿಯಲ್ಲಿ ಚಿನ್ನದ ಗಣಿಗೆ ಇಳಿಯುವವನ ದಣಿವೇ ಬೇರೆ ಬಗೆಯದು. ಈಗ ಗ್ರಂಥಗಳನ್ನು ಮತ್ತೊಮ್ಮೆ ತೆರೆಯೋಣ. ‘ಯೋಗಮಾಲಾ’ದ ಸಾಲಿನಲ್ಲಿ ಪಶ್ಚಿಮೋತ್ತಾನಾಸನ ಮೊದಲಾದ ಮುಂದಕ್ಕೆ ಬಾಗುವ ಆಸನಗಳದೇ ಮೇಲುಗೈ. ಪಿಲಾಟೆಸರ ಮೊದಲೆರಡು ವ್ಯಾಯಾಮಗಳೂ ಅಂಗಾತ ಮಲಗಿ ತಲೆಯೆತ್ತಿ ಮುಂದಕ್ಕೆ ಮುದುಡುವಂತಹವೇ. ದಿನವೆಲ್ಲ ಬಗ್ಗಿದವಳಿಗೆ ಸಂಜೆ ಮತ್ತೆ ಬಗ್ಗೆಂದು ಹೇಳುವುದು ಯಾವ ನ್ಯಾಯ? ಅವಳಿಗೆ ಮೊದಲು ವಿಶ್ರಾಂತಿ, ಆಮೇಲೆ ಬೋರಲು ಮಲಗಿ ಎದೆಯನ್ನು ಮೆಲ್ಲನೆ ಎತ್ತುವ ಭುಜಂಗಾಸನದಂತಹ ಸಾಧನೆ ಉಚಿತವೆಂದು ತೋರುತ್ತದೆ. ಆ ಸಾಧನೆಗಳೂ ಈ ಪದ್ಧತಿಗಳಲ್ಲಿಯೇ ಇವೆ. ಅನುಕ್ರಮ ಮಾತ್ರ ಬದಲಾಗಬೇಕು.

2015ರಿಂದ ಪ್ರತಿವರ್ಷ ಜೂನ್ 21ರಂದು ಅಂತರರಾಷ್ಟ್ರೀಯ ಯೋಗದಿನವನ್ನು ಆಚರಿಸಲಾಗುತ್ತಿದೆ. ಅಂತಹ ಒಂದು ದಿನ ಕಾಲೇಜೊಂದರ ಮೈದಾನದಲ್ಲಿ, ಹಿಂದಿನ ದಿನವೆಲ್ಲ ಗದ್ದೆಯಲ್ಲಿ ದುಡಿದುಬಂದ ವಿದ್ಯಾರ್ಥಿನಿಯೊಬ್ಬಳು ಕೈಗಳನ್ನು ಪಾದಕ್ಕೆ ಮುಟ್ಟಿಸಲಾರದೆ ನಾಚಿ ನಿಂತುದನ್ನು ನಾವು ಕಂಡೆವು. ಸಾಲು ಕೆಡಬಾರದೆಂಬ ಆತುರದಲ್ಲಿ ಅವಳನ್ನು ಕೇಳುವವರು ಯಾರೂ ಇರಲಿಲ್ಲ, ನಾವೂ ಕೇಳಲಿಲ್ಲ. ಈ ಪರಾಮರ್ಶೆಗೆ ಆ ಮುಜುಗರವೇ ಕಾರಣ. ನಗರದಲ್ಲಿ ಹಣ ತೆತ್ತವನಿಗೆ ದೊರೆಯುವ ‘ನಿನಗೆ ಎಲ್ಲಿ ನೋವು?’ ಎಂಬ ಒಂದು ಪ್ರಶ್ನೆ ನಮ್ಮ ಮೈದಾನಗಳಲ್ಲಿ ದುರ್ಲಭವಾಗಬೇಕಾದದ್ದಿಲ್ಲ. ಅದಕ್ಕೆ ಯಂತ್ರವೂ ಬೇಡ, ಧನವೂ ಬೇಡ.

1915ರಲ್ಲಿ ಬೆಳಕಿಗೆ ಬಂದ ಮಸ್ಕಿಯ ಶಾಸನವನ್ನು ಅಶೋಕನ ಹೆಸರಿಗಾಗಿ ನಾವು ತರಗತಿಯಲ್ಲಿ ಪಾಠ ಹೇಳುತ್ತೇವೆ. ಉನ್ನತರು ಮಾತ್ರವೇ ಪಡೆಯಬಲ್ಲರೆಂದು ತಿಳಿಯಬಾರದು, ಅಲ್ಪನಾದವನೂ ಪಡೆಯಬಲ್ಲನೆಂಬುದು ಅದರ ತಾತ್ಪರ್ಯ. ಅದು ಧರ್ಮವನ್ನು ಕುರಿತ ಮಾತು. ಅದನ್ನು ವ್ಯಾಯಾಮಕ್ಕೆ ಎಳೆದು ಅರ್ಥ ಹೇಳುವುದು ಇತಿಹಾಸಕಾರನಿಗೆ ತರವಲ್ಲ. ಆದರೆ ಆ ಬಂಡೆಯ ನೆರೆಯಲ್ಲಿರುವ ಅಧ್ಯಾಪಕರಿಗೆ ಅದರ ನೆನಪು ಬಾರದಿರದು. ಈ ಮೂರು ತಾಲೂಕುಗಳಲ್ಲಿ ಇನ್ನೂ ಇರುವ ಹಿರಿಯ ವಸ್ತಾದರನ್ನು ಕಂಡು, ಯಾರಿಗೆ ಯಾವ ಸಾಮನ್ನು ಏಕೆ ಕೊಟ್ಟರೆಂಬುದನ್ನು ನಮ್ಮ ವಿದ್ಯಾರ್ಥಿಗಳು ಬರೆದುಕೊಳ್ಳಲೆಂದು ಬಿನ್ನವಿಸುತ್ತೇವೆ. ಗ್ರಂಥಗಳು ಬಿಟ್ಟ ಭಾಗ ಅಲ್ಲಿಯೇ ದೊರೆಯಬೇಕು. ತಡಮಾಡಿದರೆ ಅದೂ ದೊರೆಯದು.