ಹೆಸರು ಮರೆಸಿದವನ ಜಾಡು ಹಿಡಿದು

‘ಕೃತಿ ನೋಡ್ರಿ, ಬರೆದವನ ಜಾತಿ ಯಾಕೆ ಕೇಳ್ತೀರಿ?’ ದಲಿತ ವಿಮರ್ಶೆ ಬಾಯಿ ತೆರೆದಾಗಲೆಲ್ಲ ಈ ಮಾತು ಎದುರಾಗುತ್ತದೆ. ಇದಕ್ಕೆ ಉತ್ತರವಾಗಿ ಅಮೆರಿಕದ ಒಂದು ಸಂಗತಿ ಹೇಳಬೇಕು.

1976ರಲ್ಲಿ ಕ್ಲಿಂಟ್ ಈಸ್ಟ್‌ವುಡ್‌ನ ‘ದಿ ಔಟ್‌ಲಾ ಜೋಸಿ ವೇಲ್ಸ್’ ಸಿನಿಮಾ ಬಂತು. ಅದರ ಮೂಲ ಕಾದಂಬರಿ ಫಾರೆಸ್ಟ್ ಕಾರ್ಟರ್ ಎಂಬುವವನದು. ಅದೇ ವರ್ಷ ಅವನ ‘ದಿ ಎಜುಕೇಶನ್ ಆಫ್ ಲಿಟ್ಲ್ ಟ್ರೀ’ ಹೊರಬಂತು. ತಬ್ಬಲಿ ಹುಡುಗನೊಬ್ಬ ಚೆರೋಕಿ ಮೂಲನಿವಾಸಿ ಅಜ್ಜಿ-ತಾತನ ಮಡಿಲಲ್ಲಿ, ಬೆಟ್ಟದಲ್ಲಿ ಬೆಳೆದ ಆತ್ಮಕತೆ ಅಂತ ಜನ ಅದನ್ನು ನಂಬಿದರು.

ಅವನ ನಿಜವಾದ ಹೆಸರು ಏಸಾ ಕಾರ್ಟರ್. 1950ರ ದಶಕದಲ್ಲಿ ಅಲಬಾಮಾದಲ್ಲಿ ಕು ಕ್ಲಕ್ಸ್ ಕ್ಲಾನ್‌ನ ಒಂದು ಪಂಗಡ ಕಟ್ಟಿದವನು. 1956ರಲ್ಲಿ ಗಾಯಕ ನ್ಯಾಟ್ ಕಿಂಗ್ ಕೋಲ್ ಮೇಲೆ ವೇದಿಕೆಯಲ್ಲೇ ಕೈಮಾಡಿದವರಲ್ಲಿ ಇವನ ಕಡೆಯವರಿದ್ದರು. ಬಿಳಿಯರೂ ಕಪ್ಪು ಜನರೂ ಎಂದೆಂದಿಗೂ ಬೇರೆಯಾಗೇ ಇರಬೇಕೆಂದು 1963ರಲ್ಲಿ ಗವರ್ನರ್ ಜಾರ್ಜ್ ವ್ಯಾಲೇಸ್ ಮಾಡಿದ ಭಾಷಣ ಬರೆದುಕೊಟ್ಟವನು ಇವನೇ. 1970ರಲ್ಲಿ ತಾನೇ ಗವರ್ನರ್ ಆಗಲು ಹೊರಟು ಸೋತ. ಆಮೇಲೆ ಊರು ಬಿಟ್ಟ, ಹೆಸರು ಬಿಟ್ಟ. ಬಿಟ್ಟು ಇಟ್ಟುಕೊಂಡ ಹೆಸರಾದರೂ ಯಾವುದು? ಕ್ಲಾನ್‌ನ ಮೊದಲ ನಾಯಕನ ಹೆಸರೂ ಫಾರೆಸ್ಟ್!

ಇವನನ್ನು ಪತ್ತೆ ಹಚ್ಚೋದು ಕಷ್ಟವಿರಲಿಲ್ಲ. ಟಿವಿಯಲ್ಲಿ ಮುಖ ಕಂಡ ಅಲಬಾಮಾದವರು ಗುರುತು ಹಿಡಿದರು. 1976ರಲ್ಲೇ ಪತ್ರಕರ್ತ ವೇಯ್ನ್ ಗ್ರೀನ್‌ಹಾ ‘ನ್ಯೂಯಾರ್ಕ್ ಟೈಮ್ಸ್’ನಲ್ಲಿ ಬರೆದ. ಇವನು ‘ನಾನಲ್ಲ’ ಅಂದ. ಅಷ್ಟಕ್ಕೇ ಎಲ್ಲ ತಣ್ಣಗಾಯಿತು. ಇವನು 1979ರಲ್ಲಿ ಸತ್ತ. 1986ರಲ್ಲಿ ನ್ಯೂ ಮೆಕ್ಸಿಕೊ ವಿಶ್ವವಿದ್ಯಾಲಯದ ಪ್ರಕಾಶನ ಪುಸ್ತಕವನ್ನು ಮತ್ತೆ ಅಚ್ಚು ಹಾಕಿತು. 1991ರಲ್ಲಿ ಅದು ಅದೇ ಪತ್ರಿಕೆಯ ಮಾರಾಟದ ಪಟ್ಟಿಯಲ್ಲಿ, ನಿಜ ವೃತ್ತಾಂತಗಳ ಸಾಲಿನಲ್ಲಿ ಮೊದಲಿಗೆ ನಿಂತಿತು. ಇತಿಹಾಸಕಾರ ಡ್ಯಾನ್ ಕಾರ್ಟರ್ ಆ ವರ್ಷ ಮತ್ತೊಮ್ಮೆ ಬರೆದ ಮೇಲೆ ಅದನ್ನು ಕಾದಂಬರಿಗಳ ಸಾಲಿಗೆ ಸರಿಸಿದರು.

ನನ್ನ ಪ್ರಶ್ನೆ ಇಷ್ಟೇ: 15 ವರ್ಷ ಈ ಸತ್ಯ ಯಾಕೆ ಬೇಡವಾಗಿತ್ತು? ಯಾಕಂದ್ರೆ ಆ ಪುಸ್ತಕದ ಮೂಲನಿವಾಸಿ ಓದುಗನಿಂದ ಏನನ್ನೂ ಕೇಳುವುದಿಲ್ಲ. ಕಿತ್ತುಕೊಂಡ ನೆಲ ವಾಪಸ್ ಕೊಡು ಅನ್ನುವುದಿಲ್ಲ. ಗಿಡಮರ ಪ್ರೀತಿಸುತ್ತಾ, ಸರ್ಕಾರವನ್ನು ದೂರುತ್ತಾ ತಣ್ಣಗೆ ಸಾಯುತ್ತಾನೆ. ಸರ್ಕಾರದ ಮೇಲಿನ ಅದೇ ಸಿಟ್ಟು ವ್ಯಾಲೇಸ್ ಭಾಷಣದಲ್ಲೂ ಇತ್ತು. ಅಲ್ಲಿ ಅದು ಕಪ್ಪು ಮಕ್ಕಳನ್ನು ಬಿಳಿಯರ ಶಾಲೆಯಿಂದ ದೂರ ಇಡಲಿಕ್ಕೆ.

ಹಾಗಂತ ಜಾತಿ ಸರ್ಟಿಫಿಕೇಟ್ ನೋಡಿ ಪುಸ್ತಕ ಅಳೆಯೋಣ ಅಂತಲ್ಲ. ದಲಿತನೊಬ್ಬ ಪಟ್ಟಣದಲ್ಲಿ ಬಾಡಿಗೆ ಮನೆಗಾಗಿ ಹೆಸರು ಮರೆಸುತ್ತಾನೆ. ಅದು ಬದುಕುವ ದಾರಿ. ಹೊಡೆದವನು ಹೊಡೆಸಿಕೊಂಡವನ ಹೆಸರಲ್ಲಿ ಅಳುವುದೇ ಬೇರೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕುವ ವಿಮರ್ಶೆ ನಮಗೆ ಬೇಡ. ನಮ್ಮ ನೋವನ್ನು ಯಾರೋ ತುಂಬ ಚೆಂದ ಮಾಡಿ ಬರೆದಾಗ, ಓದಿದವರೆಲ್ಲ ಹಾಯಾಗಿ ಕಣ್ಣೊರೆಸಿಕೊಂಡಾಗ, ಕೇಳಲೇಬೇಕು: ಇದನ್ನು ಬರೆದವನು ನಿನ್ನೆ ಯಾರ ಪಕ್ಕ ನಿಂತಿದ್ದ?