ಅಂಗನವಾಡಿ ಮಗುವಿನ ಕಲಿಕೆಯನ್ನು ಅಳೆಯಬೇಕಾದವರು ಯಾರು?

1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಶುರುವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯ ಪಟ್ಟಿಯಲ್ಲಿ ನಮ್ಮ ಟಿ. ನರಸೀಪುರವೂ ಇತ್ತು. ಅಂದು ರಿಜಿಸ್ಟರಿನಲ್ಲಿ ಬರೆದಿಡುತ್ತಿದ್ದ ವಿವರಗಳನ್ನು ಇಂದು ಅಂಗನವಾಡಿ ಟೀಚರುಗಳು ಮೊಬೈಲಿನಲ್ಲಿ ತುಂಬುತ್ತಾರೆ. 2021ರಲ್ಲಿ ಬಂದ ಪೋಷಣ್ ಟ್ರ್ಯಾಕರ್ ಆ್ಯಪ್‌ಗೆ ಬುಕ್ಕಸಾಗರದಂಥ ಹಳ್ಳಿಯ ಒಂದು ಮಗುವಿನ ಎತ್ತರ, ತೂಕ ಕೊಟ್ಟರೆ ಸಾಕು, ವಿಶ್ವ ಆರೋಗ್ಯ ಸಂಸ್ಥೆಯ ಮಾನದಂಡಕ್ಕೆ ಹೋಲಿಸಿ ಆ ಮಗುವಿಗೆ ಅಪೌಷ್ಟಿಕತೆ ಇದೆಯೇ ಎಂದು ಹೇಳಿಬಿಡುತ್ತದೆ. ಈ ಮಟ್ಟಿಗೆ ಆ್ಯಪನ್ನು ಮೆಚ್ಚಲೇಬೇಕು. ಚಾರ್ಟಿನ ಮೇಲೆ ಚುಕ್ಕೆ ಇಡುವಾಗ ಕೈತಪ್ಪು ಆಗಬಹುದು, ಯಂತ್ರಕ್ಕೆ ಆ ಲೆಕ್ಕ ಸಲೀಸು. ಆದರೆ ತೂಕ ಅಳೆದಂತೆ ಕಲಿಕೆಯನ್ನೂ ಅಳೆಯಬಹುದು, ಮಗುವಿನ ಪ್ರಗತಿ ವರದಿಯನ್ನು ಕೃತಕ ಬುದ್ಧಿಮತ್ತೆಯಿಂದಲೇ ಬರೆಸಬಹುದು ಎಂಬ ಉತ್ಸಾಹವನ್ನು ಒಪ್ಪಲಾಗದು.

ಹುಣಸೆ ಬೀಜ, ಮೆಕ್ಕೆಜೋಳ, ಕಡಲೆ ಬೆರೆಸಿದ ತಟ್ಟೆಯನ್ನು ನಾಲ್ಕು ವರ್ಷದ ಮಗುವಿನ ಮುಂದಿಟ್ಟು ನೋಡಿ. ಅದು ಮೊದಲು ಬಣ್ಣ ನೋಡಿ ಬೇರ್ಪಡಿಸಬಹುದು, ನಡುವೆ ಮನಸ್ಸು ಬದಲಿಸಿ ಗಾತ್ರ ನೋಡಿ ಮತ್ತೆ ಗುಂಪು ಮಾಡಬಹುದು, ಪಕ್ಕದ ಗೆಳತಿಯ ತಟ್ಟೆ ಇಣುಕಿ ತನ್ನದನ್ನು ತಿದ್ದಿಕೊಳ್ಳಬಹುದು. ಆ್ಯಪಿನಲ್ಲಿ ‘ವಿಂಗಡಿಸಬಲ್ಲದು’ ಎಂಬಲ್ಲಿ ಟಿಕ್ ಹಾಕಿದರೆ ಇದಾವುದೂ ದಾಖಲಾಗುವುದಿಲ್ಲ. ಆ ಒಂದು ಟಿಕ್ಕನ್ನು ಚಾಟ್‌ಜಿಪಿಟಿಯಂಥ ಸಾಧನಕ್ಕೆ ಕೊಟ್ಟರೆ ಮಗುವಿನ ಏಕಾಗ್ರತೆ, ಕುತೂಹಲಗಳ ಬಗ್ಗೆ ಸೊಗಸಾದ ಪ್ಯಾರಾ ಸಿದ್ಧವಾಗುತ್ತದೆ. ಯಾರೂ ಕಾಣದ್ದನ್ನು ಕಂಡಂತೆ ಬರೆಯುವುದು ಅದಕ್ಕೆ ಕಷ್ಟವಲ್ಲ, ಏಕೆಂದರೆ ಮುಂದೆ ಬರಬಹುದಾದ ಪದವನ್ನು ಊಹಿಸುವುದೇ ಅದರ ಕೆಲಸ. 2022ರ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಈ ವಯಸ್ಸಿಗೆ ಪರೀಕ್ಷೆಗಳು ಸಲ್ಲವೆಂದು ಹೇಳಿ, ಗಮನಿಸುವಿಕೆಗೆ ಮತ್ತು ಮಗು ಮಾಡಿದ ಕೆಲಸದ ಪರಿಶೀಲನೆಗೆ ಒತ್ತು ಕೊಟ್ಟಿದೆ. ನಾಳೆ ಈ ಮಗುವಿಗೆ ಯಾವ ಆಟ ಕೊಡಬೇಕು ಎಂಬುದು ಟೀಚರಿಗೆ ತಿಳಿಯಲಿ ಎಂದೇ ಮೌಲ್ಯಮಾಪನ. ನೋಡದೆ ಹುಟ್ಟಿದ ವರದಿಯಿಂದ ಅದು ತಿಳಿಯುವುದಿಲ್ಲ.

ಟೀಚರುಗಳಿಗೆ ಕೆಲಸದ ಹೊರೆ ಹೆಚ್ಚಿದೆ, ಬರವಣಿಗೆಯನ್ನಾದರೂ ಯಂತ್ರ ಹಗುರ ಮಾಡಲಿ ಎನ್ನುವವರಿದ್ದಾರೆ. ಹೊರೆ ನಿಜ. ಆಕೆ ಕಂಡದ್ದನ್ನು ಕನ್ನಡದಲ್ಲಿ ಹೇಳಿ, ಯಂತ್ರ ಅದನ್ನು ಬರಹಕ್ಕಿಳಿಸಿದರೆ ಯಾರ ತಕರಾರೂ ಇರಬೇಕಿಲ್ಲ. ಉಳಿದ ಸಮಯ ಮಕ್ಕಳಿಗೆ ಸಿಗಬೇಕು, ಇನ್ನೊಂದು ಆ್ಯಪಿಗಲ್ಲ. ಮನುಷ್ಯರ ಅಂದಾಜಿನಲ್ಲಿ ಪಕ್ಷಪಾತವಿರುತ್ತದೆ, ಯಂತ್ರ ಎಲ್ಲರನ್ನೂ ಒಂದೇ ಅಳತೆಯಲ್ಲಿ ನೋಡುತ್ತದೆ ಎಂಬುದು ಇನ್ನೊಂದು ವಾದ. ಸಂಡೂರಿನ ತಾಂಡಾದಲ್ಲಿ ಮನೆಯಲ್ಲಿ ಲಂಬಾಣಿ ಆಡುವ ಮಗು ಕನ್ನಡದ ಪ್ರಶ್ನೆಗೆ ಸುಮ್ಮನಿದ್ದರೆ, ಆ ಅಳತೆ ಅದನ್ನು ‘ಭಾಷಾ ವಿಕಾಸ ಕಡಿಮೆ’ ಎಂದೇ ಬರೆದೀತು. ಒಬ್ಬ ಟೀಚರ್ ತಪ್ಪಿದರೆ ಅದು ಒಂದು ಕೇಂದ್ರದ ತಪ್ಪು, ಸಾಧನವೇ ತಪ್ಪಿದರೆ ಅದು ಎಲ್ಲ ತಾಂಡಾಗಳಿಗೂ ಹರಡುತ್ತದೆ. ಪಕ್ಷಪಾತಕ್ಕೆ ಮದ್ದು ಒಳ್ಳೆಯ ತರಬೇತಿ, ಮೇಲ್ವಿಚಾರಕಿಯರ ಜೊತೆ ಚರ್ಚೆ, ತಾಯಂದಿರ ಮಾತಿಗೆ ಬೆಲೆ. ಮಗು ಸುಮ್ಮನಿರಲು ಶ್ರವಣದೋಷದಂಥದ್ದು ಕಾರಣವಾಗಿದ್ದರೆ, ಅದರ ಸುಳಿವನ್ನು ಆ್ಯಪ್ ಬೇಗ ಕೊಟ್ಟರೆ ಒಳಿತೇ. ಆದರೆ ತೀರ್ಮಾನ ವೈದ್ಯರದಾಗಿರಬೇಕು.

ಹಾಗಾಗಿ ಡಿಜಿಟಲ್ ಸಾಧನ ಅಂಗನವಾಡಿಗೆ ಬೇಕು. ತೂಕ, ಎತ್ತರ, ಹಾಜರಿ, ಲಸಿಕೆಯ ನೆನಪು, ಹೇಳಿದ್ದನ್ನು ಬರೆದುಕೊಳ್ಳುವುದು ಅದರ ಪಾಲಿಗಿರಲಿ. ಮಗು ಏನು ಕಲಿತಿದೆ, ಎಲ್ಲಿ ತಡವರಿಸುತ್ತಿದೆ ಎಂಬ ಒಂದು ಸಾಲನ್ನೂ ಟೀಚರ್ ನೋಡದೆ, ತಾನೇ ಹೇಳದೆ ಮಗುವಿನ ದಾಖಲೆಗೆ ಸೇರಿಸಬಾರದು. ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆ ಹೊಸ ಆ್ಯಪ್ ಒಪ್ಪುವ ಮೊದಲು ಈ ನಿಯಮವನ್ನು ಲಿಖಿತವಾಗಿ ಹೊರಡಿಸಲಿ.