ಅನ್ವಯಿಕ ಸಂಶೋಧನೆಯ ಅನ್ವಯ: ಬಾಗಲಕೋಟೆ ಸೀಮೆಯನ್ನು ಕುರಿತು ಒಂದು ವಿಮರ್ಶೆ

ನಮ್ಮ ವಿಶ್ವವಿದ್ಯಾಲಯಗಳಲ್ಲಿಯೂ ಅವುಗಳಿಗೆ ಸೇರಿದ ಕಾಲೇಜುಗಳಲ್ಲಿಯೂ ವರ್ಷವರ್ಷವೂ ಸಿದ್ಧವಾಗುವ ಯೋಜನಾ ವರದಿಗಳ ಮೊದಲ ಪುಟದಲ್ಲಿ 'ಅನ್ವಯಿಕ' ಎಂಬ ವಿಶೇಷಣವು ತಪ್ಪದೆ ಕಾಣಿಸಿಕೊಳ್ಳುತ್ತದೆ. ಅನ್ವಯವೆಂದರೆ ಸಂಬಂಧ. ಕರ್ತೃವಿಗೂ ಕ್ರಿಯೆಗೂ ಅನ್ವಯ ತಪ್ಪಿದರೆ ವಾಕ್ಯವು ಕೆಡುತ್ತದೆಂದು ವ್ಯಾಕರಣದ ಉಪಾಧ್ಯಾಯರು ಚಿಕ್ಕ ತರಗತಿಯಲ್ಲಿಯೇ ಕಲಿಸುತ್ತಾರೆ. ಸಂಶೋಧನೆಯಲ್ಲಿ ಯಾವುದಕ್ಕೆ ಯಾವುದು ಅನ್ವಯವಾಗಬೇಕು ಎಂಬುದನ್ನು ಮಾತ್ರ ಯಾರೂ ಅಷ್ಟು ನಿಷ್ಠುರವಾಗಿ ಕೇಳಿದಂತೆ ತೋರುವುದಿಲ್ಲ. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲುಗಳ ಸೀಮೆಯನ್ನು ಮುಂದಿಟ್ಟುಕೊಂಡು ಆ ಪ್ರಶ್ನೆಯನ್ನು ಇಲ್ಲಿ ವಿಚಾರಿಸಲು ನಾವು ಉದ್ದೇಶಿಸಿದ್ದೇವೆ.

ಮೊದಲು ಸುಲಭವಾದ ಉದಾಹರಣೆ. ಇಳಕಲ್ಲಿನ ಕೆಂಪು ಗ್ರಾನೈಟ್ ಕಲ್ಲಿಗೆ ಬೇಡಿಕೆಯುಂಟು. ಕಲ್ಲನ್ನು ಕೊಯ್ದು ನಯಮಾಡುವಾಗ ಹೊರಬೀಳುವ ಪುಡಿಗೂ ಕೆಸರಿಗೂ ಗತಿಯಿಲ್ಲ. ಕಾಂಕ್ರೀಟಿನಲ್ಲಿ ಮರಳಿಗೆ ಬದಲಾಗಿ ಈ ಬಗೆಯ ಪುಡಿಯನ್ನು ಶೇಕಡಾ 10, 20, 30ರಂತೆ ಬೆರೆಸಿ, 150 ಮಿಲಿಮೀಟರ್ ಅಳತೆಯ ಘನಗಳನ್ನು ಎರಕಹೊಯ್ದು, 7ನೆಯ ದಿನವೂ 28ನೆಯ ದಿನವೂ ಯಂತ್ರದಲ್ಲಿ ಒತ್ತಿ ಒಡೆಯುವುದು ವಿದ್ಯಾರ್ಥಿಗಳಿಗೆ ಅತಿ ಪ್ರಿಯವಾದ ಯೋಜನೆ. ಪ್ರಯೋಗದಲ್ಲಿ ದೋಷವಿಲ್ಲ, ಕೈಗೆ ಶಿಸ್ತು ಬರುತ್ತದೆ. ಆದರೆ 28ನೆಯ ದಿನದೊಡನೆ ವರದಿಯೂ ಮುಗಿದುಹೋಗುತ್ತದೆ. ಒಂದು ಕಾರ್ಖಾನೆಯ ಕೆಸರು ಇನ್ನೊಂದರ ಕೆಸರಿನಂತೆಯೇ ಇದೆಯೆ, ಅದನ್ನು ಒಣಗಿಸುವವರಾರು, ಲಾರಿಯ ಬಾಡಿಗೆ ತೆತ್ತಮೇಲೆ ಮೇಸ್ತ್ರಿಯು ಅದನ್ನು ಕೊಳ್ಳುವನೆ ಎಂಬ ಪ್ರಶ್ನೆಗಳು 'ಮುಂದಿನ ಅಧ್ಯಯನಕ್ಕೆ ಅವಕಾಶ' ಎಂಬ ಕೊನೆಯ ಅಧ್ಯಾಯಕ್ಕೆ ಸಂದುಬಿಡುತ್ತವೆ. ಸಮಸ್ಯೆಯ ತಿರುಳೆಲ್ಲ ಆ ಅಧ್ಯಾಯದಲ್ಲಿಯೇ ಇದೆಯೆಂಬುದನ್ನು ನಾವು ಎಷ್ಟೋ ವರದಿಗಳಲ್ಲಿ ಕಂಡಿದ್ದೇವೆ.

ಅದೇ ಇಳಕಲ್ಲಿನ ಇನ್ನೊಂದು ಸಂಗತಿಯನ್ನು ತುಸು ವಿಸ್ತಾರವಾಗಿ ನೋಡೋಣ. ಇಳಕಲ್ಲ ಸೀರೆಯ ಹೆಚ್ಚಳವಿರುವುದು ಅದರ ಸೆರಗಿನಲ್ಲಿ. ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲು ಸಾಮಾನ್ಯವಾಗಿ ಹತ್ತಿಯದು, ಸೆರಗು ಕೆಂಪು ರೇಷ್ಮೆಯದು. ಎರಡರ ಎಳೆಗಳನ್ನೂ ಒಂದೊಂದಾಗಿ ಕುಣಿಕೆ ಹಾಕಿ ಕೂಡಿಸುವ ಕ್ರಮಕ್ಕೆ ಕೊಂಡಿ ಎಂದು ಹೆಸರು. ಆದಕಾರಣ ಒಂದೇ ಉದ್ದವಾದ ಹಾಸಿನಿಂದ ಹತ್ತಾರು ಸೀರೆಗಳನ್ನು ಇಳಿಸುವ ಅನುಕೂಲವು ಇಲ್ಲಿಲ್ಲ. ಸೀರೆಸೀರೆಗೂ ಬೇರೆಯ ಹಾಸು, ಬೇರೆಯ ಕೊಂಡಿ. ಈ ಕೆಲಸವು ನೇಯ್ಗೆಗೆ ಮೊದಲೇ ನಡೆದುಹೋಗುವುದರಿಂದ ಮಗ್ಗವನ್ನು ನೋಡಲು ಬಂದವರ ಕಣ್ಣಿಗೆ ಅದು ಬೀಳುವುದೇ ಇಲ್ಲ.

ಇಲ್ಲಿ ಭೌತವಿಜ್ಞಾನದ ಒಂದು ಅಚ್ಚುಕಟ್ಟಾದ ಪ್ರಶ್ನೆಯುಂಟು. ರೇಷ್ಮೆಯ ಎಳೆಯು ಹರಿಯುವ ಮುನ್ನ ಸುಮಾರು ಶೇಕಡಾ 20ರಷ್ಟು ಹಿಗ್ಗಬಲ್ಲದು. ಹತ್ತಿಯದು ಸಾಮಾನ್ಯವಾಗಿ 10ನ್ನು ಮುಟ್ಟುವುದಿಲ್ಲ. ತೇವ ತಗುಲಿದರೆ ಹತ್ತಿಯ ನೂಲಿಗೆ ಬಲವೇರುತ್ತದೆ, ರೇಷ್ಮೆಯ ಬಲ ಇಳಿಯುತ್ತದೆ. ಅಗ್ಗದ ಸೀರೆಗಳಿಗೆ ಬಳಸುವ ಕೃತಕ ರೇಷ್ಮೆಯ ಬಲವಂತೂ ನೆನೆದಾಗ ಅರ್ಧಕ್ಕೆ ಹತ್ತಿರ ಕುಸಿಯುತ್ತದೆ. ಹೀಗೆ ಒಂದಕ್ಕೊಂದು ಎದುರಾದ ಸ್ವಭಾವದ ಎಳೆಗಳು ಒಂದೇ ಮಗ್ಗದ ಬಿಗಿತಕ್ಕೆ ಒಳಗಾಗಿ ಒಂದು ಕುಣಿಕೆಯಲ್ಲಿ ಸಂಧಿಸುತ್ತವೆ. ಆ ಸಂಧಿಯಲ್ಲಿ ಬಿಗಿತವು ಹೇಗೆ ಹಂಚಿಹೋಗುತ್ತದೆ? ಕುಣಿಮಗ್ಗದ ಕುಣಿಯ ತಂಪು ಇದಕ್ಕೆ ಎಷ್ಟು ನೆರವು? ಕೊಂಡಿ ಹಾಕುವವರ ಕಣ್ಣಿನ ಶ್ರಮವನ್ನು ಕಡಮೆಮಾಡುವ ಒಂದು ಸಣ್ಣ ಚೌಕಟ್ಟು ಸಾಧ್ಯವೆ? ಯಂತ್ರಶಾಸ್ತ್ರದವರು, ನೂಲಿನ ತಜ್ಞರು, ಶರೀರವಿಜ್ಞಾನಿಗಳು ಕೂಡಿ ಕೆಲವು ವರ್ಷ ದುಡಿಯುವಷ್ಟು ಸಾಮಗ್ರಿ ಇದು. ಆದರೆ ಮಗ್ಗದ ವಿಷಯವೆಂದೊಡನೆ ನಮ್ಮ ಯೋಜನೆಗಳು ಹಿಡಿಯುವ ದಾರಿ ಗಣಕಯಂತ್ರದಲ್ಲಿ ಸೆರಗಿನ ಹೊಸ ವಿನ್ಯಾಸ ಬಿಡಿಸುವುದು. ತಂತ್ರಾಂಶ ಮೊದಲೇ ಕೈಯಲ್ಲಿದೆ. ಅದಕ್ಕೊಂದು ಸಮಸ್ಯೆ ಬೇಕಾಗಿದೆ, ಅಷ್ಟೆ. ಕೋಟೆಯ ತೆನೆಗಳನ್ನೂ ಜೋಳದ ತೆನೆಗಳನ್ನೂ ಸೆರಗಿಗೆ ತಂದ ನೇಕಾರರಿಗೆ ವಿನ್ಯಾಸದ ಕೊರತೆಯಿದೆಯೆಂದು ಹೇಳಿದವರಾರೋ ನಮಗೆ ತಿಳಿಯದು.

ಜೋಳದ ಮಾತು ಬಂದುದರಿಂದ ಹುನಗುಂದದ ಎರೆಭೂಮಿಗೆ ಬರುವುದು ಸಹಜವೇ. ವರ್ಷದ ಮಳೆ 600 ಮಿಲಿಮೀಟರಿಗೂ ಕಡಮೆಯಿರುವ ಈ ನೆಲದಲ್ಲಿ ಹಿಂಗಾರಿ ಜೋಳವು ಮಣ್ಣು ಹಿಡಿದಿಟ್ಟ ತೇವದ ಮೇಲೆಯೇ ಬೆಳೆಯುತ್ತದೆ. ತೇವವನ್ನು ಹಿಡಿಯುವುದು ನೀರು ಕುಡಿದು ಉಬ್ಬುವ ಒಂದು ಬಗೆಯ ಜೇಡಿ. ಒಣಗಿದಾಗ ಬಿರುಕು ಬಿಡುವುದೂ ಅದೇ. ಕೃಷಿ ವಿಭಾಗದವರಿಗೆ ಇದು ನಿಧಿ. ಸಿವಿಲ್ ವಿಭಾಗದವರಿಗೆ ಇದು ಗೋಡೆ ಸೀಳುವ, ರಸ್ತೆ ಕೆಡಿಸುವ ಶತ್ರು. ಸುಣ್ಣವನ್ನೋ ಹಾರುಬೂದಿಯನ್ನೋ ಬೆರೆಸಿ ಅದರ ಉಬ್ಬುವ ಗುಣವನ್ನು ಅಡಗಿಸುವುದೇ ಅವರ ಯೋಜನೆಗಳ ಗುರಿ. ಎರಡೂ ಸರಿಯೇ. ಆದರೆ ಒಂದೇ ಜೇಡಿಯನ್ನು ಕುರಿತ ಈ ಎರಡು ಬಗೆಯ ವರದಿಗಳು ಒಂದನ್ನೊಂದು ಉಲ್ಲೇಖಿಸಿದ್ದನ್ನು ನಾವು ಕಾಣೆವು. ಎಡೆಕುಂಟೆ ಹೊಡೆದು ಬಿರುಕು ಮುಚ್ಚುವ ರೈತನು ಆವಿಯಾಗುವಿಕೆಯನ್ನು ಕುರಿತು ಅನುಭವದಿಂದ ಬಲ್ಲುದು ರಸ್ತೆಯ ಅಂಚಿನ ಬಿರುಕನ್ನು ಅಳೆಯುವ ವಿದ್ಯಾರ್ಥಿಗೂ ಬೇಕಾದುದೇ ಆಗಿದೆ.

ಈ ಸೀಮೆಯು 1997ರವರೆಗೆ ವಿಜಾಪುರ ಜಿಲ್ಲೆಗೆ ಸೇರಿತ್ತು. 1930ರ ದಶಕದಲ್ಲಿ ಸೊಲ್ಲಾಪುರ, ವಿಜಾಪುರ ಮೊದಲಾದ ಕಡೆ ಒಣಬೇಸಾಯದ ಸಂಶೋಧನೆ ನಡೆಯಿತು. ಅದೇ ದಶಕದಲ್ಲಿ ಮೋಹೋಳದಲ್ಲಿ, ರೈತರು ಬಿತ್ತುತ್ತಿದ್ದ ಮಾಲದಂಡಿ ಜೋಳದಿಂದಲೇ ಆಯ್ದು ತೆಗೆದ ಎಂ 35-1 ತಳಿಯು ದಶಕಗಳು ಕಳೆದರೂ ಹಿಂಗಾರಿ ಹೊಲಗಳನ್ನು ಬಿಟ್ಟು ಹೋಗಲಿಲ್ಲ. ಅನ್ವಯಿಕವೆಂಬ ವಿಶೇಷಣವನ್ನು ಹಚ್ಚಿಕೊಳ್ಳದ ಕೆಲಸವದು.

ಪ್ರಶ್ನೆಯನ್ನೇ ತಿದ್ದಿಕೊಂಡ ಉದಾಹರಣೆಯೂ ನಮ್ಮ ನಾಡಿನಲ್ಲಿಯೇ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ. ಕೆ. ಎನ್. ರೆಡ್ಡಿಯವರು ಆರಂಭಿಸಿದ ಅಸ್ತ್ರ ಕೇಂದ್ರದವರು ಕುಣಿಗಲ್ ತಾಲೂಕಿನ ಪುರ ಗ್ರಾಮದಲ್ಲಿ ಅಡುಗೆಗೆಂದು ಸಗಣಿ ಅನಿಲದ ಸ್ಥಾವರ ಕಟ್ಟಿದರು. ಅನಿಲವು ಎಲ್ಲ ಒಲೆಗಳಿಗೂ ಸಾಲದಾಯಿತು. ಊರವರಿಗೆ ಮೊದಲು ಬೇಕಾಗಿದ್ದುದು ಕುಡಿಯುವ ನೀರು ಎಂಬುದು ಆಮೇಲೆ ತಿಳಿಯಿತು. ಅದೇ ಅನಿಲದಿಂದ ಎಂಜಿನ್ ನಡೆಸಿ 1987ರಲ್ಲಿ ನೀರೆತ್ತಿದರು, ದೀಪ ಹಚ್ಚಿದರು. ಸೋಲನ್ನು ಮುಚ್ಚಿಡದೆ ಬರೆದುದರಿಂದಲೇ ಅವರ ಲೇಖನಗಳನ್ನು ಈಗಲೂ ಓದಬೇಕೆನಿಸುತ್ತದೆ. ನಮ್ಮ ಪರೀಕ್ಷೆಯ ಪದ್ಧತಿಯಲ್ಲಿ ಸೋತ ಪ್ರಯೋಗಕ್ಕೆ ಅಂಕವೆಲ್ಲಿ?

ಬಾದಾಮಿಯದು ಕಾಲದ ತೊಡಕು. ಮೂರನೆಯ ಗುಹೆಯಲ್ಲಿ ಮಂಗಳೇಶನ 578ರ ಶಾಸನವಿದೆ. ಅಂದಿನಿಂದ ಆ ಮರಳುಗಲ್ಲು ನೀರನ್ನೂ ಲವಣವನ್ನೂ ಒಳಗೆಳೆದು ಹೊರಬಿಡುತ್ತ ಬಂದಿದೆ. ಒಂದು ಮಳೆಗಾಲವನ್ನು ಮಾತ್ರ ಕಾಣುವ ವರ್ಷದ ಯೋಜನೆಗೆ ಆ ಕಲ್ಲು ಏನನ್ನು ಹೇಳೀತು? ಇಂಥ ಕೆಲಸವನ್ನು ಒಬ್ಬ ವಿದ್ಯಾರ್ಥಿಯಿಂದ ಮುಂದಿನವನಿಗೆ ಒಪ್ಪಿಸುತ್ತ ಹೋಗುವ ಅಳತೆಯ ಪುಸ್ತಕವೊಂದು ವಿಭಾಗದಲ್ಲಿರಬೇಕು.

ಬಾಗಲಕೋಟೆಯ ವಿಷಯದಲ್ಲಿ ಅಷ್ಟು ನಿಧಾನಕ್ಕೆ ಎಡೆಯಿಲ್ಲ. ಬಸವೇಶ್ವರ ಎಂಜಿನಿಯರಿಂಗ್ ಕಾಲೇಜು 1963ರಲ್ಲಿ ತೆರೆಯಿತು. ಮರುವರ್ಷವೇ ಆಲಮಟ್ಟಿಯ ಅಡಿಗಲ್ಲು ಬಿತ್ತು. ಜಲಾಶಯದ ಹಿನ್ನೀರು ಹಳೆಯ ಊರಿನ ಭಾಗಗಳನ್ನು ನುಂಗಿ ಜನರನ್ನು ನವನಗರಕ್ಕೆ ಕಳಿಸಿತು. ಮುಳುಗುವ ಮುನ್ನಿನ ಬಾವಿಗಳ ನೀರಿನ ಮಟ್ಟ, ಮಣ್ಣಿನ ಲವಣ ಇವುಗಳ ಅಳತೆಯು ಮೊದಲೇ ಇಲ್ಲದಿದ್ದರೆ ಆಮೇಲಿನ ಅಳತೆಗೆ ಹೋಲಿಕೆಯೇ ಇರದು. ಜಲಾಶಯದ ಮಟ್ಟವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸಲು ಕೃಷ್ಣಾ ಜಲವಿವಾದದ ಎರಡನೆಯ ನ್ಯಾಯಾಧಿಕರಣವು 2010ರಲ್ಲಿ ಸಮ್ಮತಿಸಿತು. ಆ ಎರಡು ಮಟ್ಟಗಳ ನಡುವೆ ಹೊಲಗಳಿವೆ, ಬಾವಿಗಳಿವೆ, ಮನೆಗಳಿವೆ. ಮಣ್ಣನ್ನು ಅಗೆದು ತೆಗೆಯಲು, ಬಾವಿಗೆ ಅಳತೆಯ ಹಗ್ಗ ಇಳಿಬಿಡಲು ದೊಡ್ಡ ಅನುದಾನ ಬೇಕಾಗಿಲ್ಲ. ಆದರೆ ನೀರು ಬರುವ ಮುನ್ನ ಹೋಗಬೇಕು.